ಬರುವವರ ಪಟ್ಟಿ

ಏನೂ ಇಲ್ಲದಿದ್ದಾಗ ಏನು ಹೇಳಬೇಕು ಎನ್ನುವ ಒಂದೇ ಒಂದು ವಾಕ್ಯ ಶಿವರಂಜನಿಗೆ ಬೆಳಗಿನಿಂದ ಸರಿಬಂದಿರಲಿಲ್ಲ. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮೈಸೂರಿನ ಕಂಪನಿಯೊಂದಕ್ಕೆ ನಂಜನಗೂಡಿನ ಮನೆಯಲ್ಲೇ ಕೂತು ಅವಳು ಮಾಡುತ್ತಿದ್ದ ಕೆಲಸ ಹೇಳಿದರೆ ನೆಂಟರಿಷ್ಟರಲ್ಲಿ ಯಾರಿಗೂ ತಿಳಿಯುವಂಥದಲ್ಲ. ಮನುಷ್ಯರ ಪರವಾಗಿ ಕೆಲಸ ಮಾಡಿಕೊಡುವ ಎಐ ಏಜೆಂಟುಗಳಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಟೂಲ್ ಕೊಟ್ಟಿರುತ್ತಾರೆ; ಆ ಟೂಲನ್ನು ಯಾವಾಗ ಎತ್ತಿಕೊಳ್ಳಬೇಕು, ಅದಕ್ಕೆ ಏನು ಕೊಡಬೇಕು, ಅದರಿಂದ ಏನು ಸಿಗುತ್ತದೆ ಎಂಬುದನ್ನು ಏಜೆಂಟು ಓದಿ ತಿಳಿಯುವ ಹಾಗೆ ಬರೆಯಬೇಕು. ಈ ವಾರ ಅವಳ ಪಾಲಿಗೆ ಬಂದಿದ್ದು ಕ್ಯಾಲೆಂಡರಿನಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಿ ಕೊಡುವ ಟೂಲ್. ಯಾವ ದಿನದಿಂದ ಯಾವ ದಿನದವರೆಗೆ ನೋಡಬೇಕು; ಪ್ರತಿ ಸೋಮವಾರ ಬರುವ ಮೀಟಿಂಗನ್ನು ಒಂದೇ ಎಂದು ತೋರಿಸಬೇಕೋ ಬಿಡಿಬಿಡಿಯಾಗಿಯೋ; ರದ್ದಾದದ್ದನ್ನು ತೋರಿಸಬೇಕೋ ಬೇಡವೋ; ಯಾವ ಊರಿನ ಗಂಟೆ ಎಂದು ಹೇಳದೆ ಹೋದರೆ ಇಲ್ಲಿಯ ಬೆಳಗು ಇನ್ನೆಲ್ಲಿಯದೋ ನಡುರಾತ್ರಿಯಾಗಿಬಿಡುವ ಅಪಾಯ. ಅದೆಲ್ಲ ಬರೆದಾಗಿತ್ತು. ಉಳಿದದ್ದು ಇಷ್ಟೇ. ಹುಡುಕಿದ ದಿನದಲ್ಲಿ ಏನೂ ಇಲ್ಲದಿದ್ದರೆ ಟೂಲ್ ಖಾಲಿ ಪಟ್ಟಿ ಕೊಡುತ್ತದೆ. ಖಾಲಿ ಪಟ್ಟಿ ತಪ್ಪಲ್ಲ, ಅದೂ ಒಂದು ಉತ್ತರ. ಇದನ್ನು ಏಜೆಂಟು ಒಪ್ಪಲೊಲ್ಲದು. ಮೊನ್ನೆ ಪರೀಕ್ಷೆ ಮಾಡುವಾಗ, ನಾಳೆ ನನಗೇನಿದೆ ಎಂದು ಕೇಳಿದ್ದಕ್ಕೆ, ಏನೂ ಇಲ್ಲದ ದಿನಕ್ಕೆ, ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿದೆ ಎಂದು ಬಲು ವಿನಯದಿಂದ ಹೇಳಿತ್ತು.

"ರಂಜ್ನೀ, ಪುಟ್ಬಸ ಯಾವಾಗ ಬತ್ತಾನೆ?"

ಬಾಗಿಲಲ್ಲಿ ಅತ್ತೆ ಮಲ್ಲಾಜಮ್ಮ ನಿಂತಿದ್ದಳು. ಸೆರಗು ಒಂದು ಕಡೆ ಜಾರಿ, ಕೂದಲಿಗೆ ಹಚ್ಚಿದ್ದ ಎಣ್ಣೆ ಹಣೆಗೆ ಇಳಿದಿತ್ತು. ಪುಟ್ಟಬಸವಯ್ಯ ಎಂದರೆ ಮೂಗೂರಿನಲ್ಲಿರುವ ಅವಳ ತಮ್ಮ. ತಾಯಿ ಬೇಗ ತೀರಿಕೊಂಡು ಇವಳ ಸೊಂಟದ ಮೇಲೇ ಬೆಳೆದವನು. ಮಂಡಿ ಹಿಡಿದುಕೊಂಡ ಮೇಲೆ ಅವನು ಊರು ಬಿಟ್ಟು ಹೊರಟಿದ್ದಿಲ್ಲ. ಆದರೆ ಮಲ್ಲಾಜಮ್ಮನ ತಲೆಯಲ್ಲಿ ಈಗೀಗ ಒಂದೊಂದೇ ದೀಪ ಆರುತ್ತಾ ಬಂದು, ಯಾವ ವಾರ, ಯಾವ ಹೊತ್ತು, ಉಂಡಾಯಿತೋ ಇಲ್ಲವೋ ಎಂಬುದೆಲ್ಲ ಕತ್ತಲಾಗಿ, ತಮ್ಮ ಬರುತ್ತಾನೆ ಎನ್ನುವುದೊಂದು ಮಾತ್ರ ಉರಿಯುತ್ತಾ ಉಳಿದುಕೊಂಡಿತ್ತು. ಶಿವರಂಜನಿಯ ಗಂಡ ನಂಜೇಶ ಬಜಾರಿನ ಪಂಪ್‌ಸೆಟ್ ಅಂಗಡಿಗೆ ಹೋದ ಮೇಲೆ, ಮಗಳು ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ, ಹಗಲೆಲ್ಲ ಮನೆಯಲ್ಲಿ ಇವರಿಬ್ಬರೇ. ಕೇಳುವವಳು ಒಬ್ಬಳು, ಕೇಳಿಸಿಕೊಳ್ಳುವವಳು ಒಬ್ಬಳು.

"ಇವತ್ತೇ ಬರ್ತಾರೆ ಅತ್ತೆ. ಮಡಿ ಸೀರೆ ಉಟ್ಕೊಂಡು ಹೊರಗೆ ಕೂತ್ಕೊಳ್ಳಿ" ಎಂದಳು ಶಿವರಂಜನಿ, ಪರದೆಯಿಂದ ಕಣ್ಣು ತೆಗೆಯದೆ.

ಮೊದಲ ಸಲ ಹಾಗೆ ಹೇಳಿದಾಗ ತನ್ನಲ್ಲಿ ಕರುಣೆಯೇ ಇತ್ತೆಂದು ಅವಳು ಈಗಲೂ ಪ್ರಮಾಣ ಮಾಡಬಲ್ಲಳು. ಅತ್ತೆಯ ಮುಖ ಅರಳಿದ ಪರಿ ನೋಡಿ ಅವಳ ಹೊಟ್ಟೆಯಲ್ಲೂ ಏನೋ ತಣ್ಣಗಾಗಿತ್ತು. ಆಮೇಲೆ ಗೊತ್ತಾಯಿತು, ಹಾಗೆ ಹೇಳಿದರೆ ಮನೆ ಮಧ್ಯಾಹ್ನದವರೆಗೆ ನಿಶ್ಶಬ್ದವಾಗಿರುತ್ತದೆ. ಮುದುಕಿ ಮುಖ ತೊಳೆದು, ವಿಭೂತಿ ಧರಿಸಿ, ಲಿಂಗವನ್ನು ಸೆರಗಿನೊಳಗೆ ಸರಿಮಾಡಿಕೊಂಡು, ಗೇಟಿಗೆ ಎದುರಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ, ಯಾರನ್ನು ಕಾಯುತ್ತಿದ್ದೇನೆ ಎಂಬುದು ಮರೆಯುವವರೆಗೂ ಏಳುತ್ತಿರಲಿಲ್ಲ. ಮೀಟಿಂಗ್ ಇದ್ದ ದಿನವೆಲ್ಲ ಪುಟ್ಟಬಸವಯ್ಯ ಬರುತ್ತಿದ್ದ. ಈಗೀಗ ಮೀಟಿಂಗ್ ಇಲ್ಲದ ದಿನವೂ ಬರುತ್ತಿದ್ದ. ಕಿಟಕಿಯಿಂದ ಕಾಣುವ ಆ ಬೆನ್ನು, ಗೇಟಿನ ಸದ್ದಿಗೊಮ್ಮೆ ನೆಟ್ಟಗಾಗಿ ಮತ್ತೆ ಕುಸಿಯುವುದು, ಇದನ್ನು ನೋಡುತ್ತಾ ಕಾಫಿ ಕುಡಿಯುವುದರಲ್ಲಿ ಒಂದು ರುಚಿ ಹತ್ತಿತ್ತು. ಆ ರುಚಿಗೆ ಏನು ಹೆಸರೆಂದು ಅವಳು ಕೇಳಿಕೊಂಡಿರಲಿಲ್ಲ.

ಕೇಳಿಕೊಂಡರೆ ಹೋದ ವಾರದ್ದು ನೆನಪಾಗುತ್ತಿತ್ತು. ವಿಡಿಯೊ ಕಾಲಿನಲ್ಲಿ ಎಲ್ಲರೂ ಇದ್ದಾಗ ಮಲ್ಲಾಜಮ್ಮ ಬರೀ ಲಂಗ ರವಿಕೆಯಲ್ಲಿ ಹಿಂದಿನಿಂದ ಬಂದು, ಕ್ಯಾಮೆರಾಕ್ಕೆ ಮುಖವಿಟ್ಟು, ಇವತ್ತು ಯಾವಾರ ಎಂದು ಕೇಳಿದ್ದಳು. ಟೀಮಿನ ಲೀಡ್ ದೀಪಕ್, ಶಿವರಂಜನಿಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವನು, "ಮೇಡಂ, ನಿಮ್ಮ ಮನೇಲೂ ಒಂದು ಏಜೆಂಟ್ ಇದೆ ಅಂತ ಹೇಳ್ಲೇ ಇಲ್ಲ" ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ಶಿವರಂಜನಿ. ಆ ನಗು ತನ್ನ ಗಂಟಲಿಂದಲೇ ಬಂತೇ ಎಂದು ಆಮೇಲೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಾ ಯೋಚಿಸಿದ್ದಳು. ನರಸೀಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಪಾಠ ಮಾಡುವಾಗಲೂ ಹಿಂದಿನ ಬೆಂಚಿನವರು ಅವಳ ಉಚ್ಚಾರವನ್ನು ಅವಳಿಗೇ ಮರಳಿಸಿ ನಗುತ್ತಿದ್ದರು. ಆಗಲೂ ಅವಳು ಜೊತೆಗೆ ನಗುತ್ತಿದ್ದಳು, ನಕ್ಕರೆ ತಾನೂ ಅವರಲ್ಲೊಬ್ಬಳಾದೇನು ಎಂಬ ಆಸೆಯಿಂದ. ಬೇಸಗೆ ಬಂದರೆ ಕೆಲಸದಿಂದ ಬಿಡಿಸುವರು, ಮಳೆಗಾಲಕ್ಕೆ ಮತ್ತೆ ಕರೆಯುವರು, ಪ್ರತಿ ಸಲವೂ ಪ್ರಿನ್ಸಿಪಾಲರು ಹೆಸರನ್ನು ಹೊಸದಾಗಿ ಕೇಳುವರು. ಆ ದಿನಗಳಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಇದೇ ಮಲ್ಲಾಜಮ್ಮ, ಆಗಿನ್ನೂ ಗಟ್ಟಿಯಾಗಿದ್ದವಳು, ಬಂದ ನೆಂಟರಿಗೆ ಹೇಳುತ್ತಿದ್ದಳು: ನನ್ ಸೊಸೆ ನರ್ಸೀಪುರ್ದಲ್ಲಿ ಮೇಷ್ಟ್ರು ಬರ್ನಿಲ್ಲ ಅಂದ್ರೆ ಅವ್ರ ಬದ್ಲಿಗೆ ಕೂತ್ಕೊಂಡು ಬತ್ತಾಳೆ. ಕುಹಕವಿರಲಿಲ್ಲ ಅದರಲ್ಲಿ. ಮುದುಕಿ ಹಾಗೆಂದೇ ನಂಬಿದ್ದಳು. ಕುಹಕವಿಲ್ಲದ್ದರಿಂದಲೇ ಅದು ಇನ್ನೂ ಒಳಗೆ ಚುಚ್ಚಿಕೊಂಡು ಕೂತಿತ್ತು.

ಇವತ್ತಿನ ಮೀಟಿಂಗ್ ಶುರುವಾಯಿತು. ಅವಳು ಬರೆದದ್ದು ಎಲ್ಲರ ಪರದೆಯ ಮೇಲೂ ತೆರೆದುಕೊಂಡಿತು. ದೀಪಕ್ ಬೇಗಬೇಗ ಕೆಳಗಿಳಿಯುತ್ತಾ ಹೋಗಿ ಆ ವಾಕ್ಯದ ಮೇಲೆ ಬಂದು ನಿಂತ.

"ಕೈಂಡ್ಲಿ ನೋಟ್ ಅಂತ ಬರ್ದಿದ್ದೀರ. ಯಾರಿಗೆ ಮೇಡಂ ಈ ಕೈಂಡ್ಲಿ?"

"ಅಭ್ಯಾಸ ಆಗ್ಬಿಟ್ಟಿದೆ" ಎಂದಳು, ನಗುತ್ತಾ.

"ಇದು ಕ್ಲಾಸ್ ರೂಮ್ ಅಲ್ಲ. ಏಜೆಂಟಿಗೆ ಹಿಂದಿನದು ಏನೂ ನೆನಪಿರಲ್ಲ. ಪ್ರತಿ ಸಲ ಹೊಸದಾಗಿ ಬರುತ್ತೆ, ನೀವು ಏನು ಹೇಳ್ತೀರೋ ಅಷ್ಟೇ ಅದರ ಪ್ರಪಂಚ. ಮೆತ್ತಗೆ ಹೇಳಿದ್ರೆ ತನಗೆ ಬೇಕಾದ್ದು ಸೇರಿಸ್ಕೊಂಡು ಬಿಡುತ್ತೆ, ಕೇಳಿದವರಿಗೆ ಖುಷಿಯಾಗ್ಲಿ ಅಂತ. ಅಯ್ಯೋ ಪಾಪ ಅನ್ನೋದೆಲ್ಲ ಬಿಟ್ಟು ಮೊದಲ ವಾಕ್ಯದಲ್ಲೇ ಇರೋದನ್ನ ಹೇಳಿ." ಹಾಗೆನ್ನುತ್ತಲೇ ಅವನು ಎಲ್ಲರೆದುರು ಅವಳ ಪ್ಯಾರಾವನ್ನು ಪೂರ್ತಿ ಅಳಿಸಿ ಒಂದು ಸಾಲು ಬರೆದ. ಖಾಲಿ ಪಟ್ಟಿ ಎಂದರೆ ಏನೂ ಇಲ್ಲ, ಇಲ್ಲ ಎಂದು ಹೇಳು, ಹುಟ್ಟಿಸಬೇಡ. "ನೋಡಿ, ಇಷ್ಟು ಸಾಕು" ಅಂದ. ಯಾರೋ ಕೈತಟ್ಟುವ ಚಿತ್ರ ಹಾಕಿದರು. ಬೆಳಗಿನಿಂದ ತಾನು ಹಿಡಿಯಲಾರದೆ ಹೋದದ್ದನ್ನು ಈ ಹುಡುಗ ಒಂದು ಉಸಿರಿಗೆ ಹಿಡಿದನಲ್ಲ ಎಂದು ಶಿವರಂಜನಿಯ ಕಿವಿ ಬಿಸಿಯಾಯಿತು. ಆ ಬಿಸಿ ಇನ್ನೂ ಇರುವಾಗಲೇ, ಮೀಟಿಂಗ್ ಮುಗಿಯುತ್ತಲೇ, ಮೇಜಿನ ಮೇಲಿದ್ದ ಫೋನು ನಡುಗಿತು.

ಪುಟ್ಟಬಸವಯ್ಯನ ಮಗ ಮಹಾದೇವಸ್ವಾಮಿ. "ಅಕ್ಕ, ಅಪ್ಪಾಜಿ ಹೋಗ್ಬುಟ್ರು" ಎಂದ. ತಿಂಡಿಗೆ ಇಡ್ಲಿ ತಿಂದು ಕೈ ತೊಳೆಯಲು ಎದ್ದವರು ಹಾಗೇ ಕುಸಿದರಂತೆ, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲವಂತೆ. ಸಂಜೆಯೊಳಗೆ ಮಣ್ಣು. "ಅತ್ತೆಗೆ ಒಂದ್ಸಲ ಮುಖ ತೋರ್ಸಿ, ಆದ್ರೆ ನಿಧಾನವಾಗಿ ಹೇಳಿ ಅಕ್ಕ, ನೀವು ಓದ್ದೋರು, ನಿಮ್ಗೆ ಗೊತ್ತಿರ್ತದೆ" ಎಂದು ಅತ್ತ. ನಂಜೇಶನಿಗೆ ಫೋನ್ ಮಾಡಿದರೆ ಅವನು ಯಾರದೋ ತೋಟದಲ್ಲಿ ಮೋಟಾರು ಇಳಿಸಿಕೊಂಡು ನಿಂತಿದ್ದ. "ನಾ ಬರೋಗಂಟ ಅವ್ವಂಗೆ ಏನೂ ಹೇಳ್ಬೇಡ. ಕಾರಲ್ಲಿ ಕೂರ್ಸ್ಕೊಂಡು ನಾನೇ ಹೇಳ್ತೀನಿ" ಎಂದ.

"ಆಯ್ತು" ಎಂದಳು ಶಿವರಂಜನಿ.

ಹೊರಗೆ ಬಂದಳು. ಮಲ್ಲಾಜಮ್ಮ ಮಡಿ ಸೀರೆಯಲ್ಲಿ, ಹಣೆಯ ತುಂಬ ವಿಭೂತಿಯಲ್ಲಿ, ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಫೋಟೊ ತೆಗೆಸಿಕೊಳ್ಳುವವಳಂತೆ ಕೂತಿದ್ದಳು. ಸೊಸೆಯ ಹೆಜ್ಜೆ ಕೇಳಿ ತಿರುಗಿದಳು. ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ ಶಿವರಂಜನಿಗೆ ಅದನ್ನು ನೋಡುತ್ತಲೇ ಸಿಟ್ಟು ಬಂತು. ನಂಜೇಶ ಬರಲಿ ಎಂದು ಒಳಗೆ ಹೋಗಿಬಿಡಬಹುದಿತ್ತು. ಹೋಗಲು ತಿರುಗಿಯೂ ಇದ್ದಳು.

"ಪುಟ್ಬಸ ಬಸ್ ಅತ್ತಿದ್ನಂತಾ?"

"ಮೂಗೂರು ಮಾವ ಬರಲ್ಲ. ತೀರ್ಕೊಂಡ್ರು" ಎಂದಳು. ಮೊದಲ ವಾಕ್ಯದಲ್ಲೇ.

ಮಲ್ಲಾಜಮ್ಮ ಕೂಗಲಿಲ್ಲ. ಬಾಯಿ ಸ್ವಲ್ಪ ತೆರೆದು, ಏನನ್ನೋ ನುಂಗಲಾರದವಳಂತೆ ಗಂಟಲು ಮೇಲೆ ಕೆಳಗೆ ಆಡಿತು. ಎರಡು ಕೈಯೂ ತೊಡೆಯ ಮೇಲಿಂದ ಎದ್ದು, ಇರದ ಒಂದು ಮಗುವನ್ನು ಹಿಡಿದಂತೆ ಗಾಳಿಯಲ್ಲಿ ನಿಂತವು. "ನಾ ಎತ್ತಾಡ್ಸಿದ್ ಮಗ ಕಣವ್ವ" ಎಂದಳು. ಆಮೇಲೆ, ತೀರ ಸಣ್ಣ ದನಿಯಲ್ಲಿ, "ಉಂಡಿದ್ನಾ?"

"ಉಂಡಿದ್ರು."

ಅಷ್ಟು ಸಾಕಾಯಿತೋ ಏನೋ, ಅಳು ಬಂತು. ಶಿವರಂಜನಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೆನ್ನು ಸವರಿದಳು. ನಿಜವಾಗಿಯೂ ಸವರಿದಳು. ಒಳಗೆ ಕಿವಿಯ ಬಿಸಿ ಇಳಿದಿತ್ತು. ಇಡೀ ದಿನದಲ್ಲಿ ತಾನು ಆಡಿದ ಒಂದು ಮಾತು ಹೋಗಿ ತಾಕಬೇಕಾದಲ್ಲಿ ತಾಕಿತಲ್ಲ ಎಂಬ ನಿರಾಳ ಅದೆಂದು ಅವಳಿಗೆ ತಿಳಿಯಿತು. ತಿಳಿದದ್ದೇ ಕೈ ತೆಗೆದಳು. ಕಾಫಿ ತರುತ್ತೇನೆಂದು ಒಳಗೆ ಹೋಗಿ, ಹಾಲು ಉಕ್ಕುವುದನ್ನು ನೋಡುತ್ತಾ ನಿಂತಳು. ದೀಪಕ್ ತಿದ್ದಿದ ಸಾಲಿನ ಕೆಳಗೆ ಇನ್ನೊಂದು ಮಾತು ಹಾಕಿದ್ದ, ಪರೀಕ್ಷೆ ಮಾಡಿ ನೋಡಿ ಮೇಡಂ, ಬೇರೆ ಬೇರೆ ಥರ ಹೇಳಿ ನೋಡಿ, ಪ್ರತಿ ಸಲ ಏನು ಮಾಡುತ್ತೆ ಅಂತ.

ಲೋಟ ಹಿಡಿದು ಬಂದಾಗ ಮಲ್ಲಾಜಮ್ಮ ಕಣ್ಣೊರೆಸಿಕೊಂಡು ಗೇಟು ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಆ ಒದ್ದೆ ಯಾಕೆಂದು ಅವಳಿಗೆ ತಿಳಿಯದು. ಬೆರಳಿಂದ ಮುಟ್ಟಿ ನೋಡಿಕೊಂಡಳು. "ಬಿಸ್ಲಿಗೆ ಕಣ್ಣಲ್ಲಿ ನೀರ್ ಬತ್ತದೆ" ಎಂದಳು. ಕಾಫಿ ಊದಿ ಕುಡಿದಳು. ಕುಡಿದು, "ರಂಜ್ನೀ, ಪುಟ್ಬಸ ಯಾವಾಗ ಬತ್ತಾನೆ?"

ಇಲ್ಲಿ ಶಿವರಂಜನಿ ಸುಮ್ಮನಿರಬಹುದಿತ್ತು. ಸಂಜೆಗೆ ಎನ್ನಬಹುದಿತ್ತು. ದಿನವೂ ಸುಳ್ಳು ಹೇಳಿದವಳಿಗೆ ಇನ್ನೊಂದು ಸುಳ್ಳೇನೂ ಭಾರವಲ್ಲ. ಆದರೆ ಅವಳು ಲೋಟ ಇಸಿದುಕೊಂಡು, ನೆಲದ ಮೇಲಿಟ್ಟು, ಅತ್ತೆಯ ಎದುರಿಗೆ ಮುಖ ಸರಿಯಾಗಿ ಕಾಣುವಂತೆ ನಿಂತು, "ಸತ್ತೋದ್ರು ಅತ್ತೆ, ಬೆಳಗ್ಗೆ" ಎಂದಳು. ಅದೇ ಬಾಯಿ ತೆರೆಯಿತು, ಅದೇ ಗಂಟಲು ಆಡಿತು, ಕೈಗಳು ಅದೇ ಎತ್ತರಕ್ಕೆ ಎದ್ದು ಅದೇ ಮಗುವನ್ನು ಹಿಡಿದವು. ಹಳೆಯದು ಒಂದಿಷ್ಟೂ ಕೂಡಿಕೊಂಡಿರಲಿಲ್ಲ. ದುಃಖ ಹೊಸದಾಗಿ ಸುಲಿದ ಹಣ್ಣಿನ ಹಾಗೆ ಹಸಿಯಾಗಿತ್ತು.

"ಉಂಡಿದ್ನಾ?"

"ಇಲ್ಲ" ಎಂದಳು ಶಿವರಂಜನಿ.

ಯಾಕೆ ಹಾಗೆಂದಳು ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ, ನೋಡೋಣ ಎನಿಸಿತು ಎಂಬುದರ ಆಚೆ ಉತ್ತರ ಸಿಗಲಿಲ್ಲ. ಮಲ್ಲಾಜಮ್ಮನ ಮುಖ ಈ ಸಲ ಬೇರೆಯೇ ಆಯಿತು. ಸಾವನ್ನು ತಡೆದುಕೊಂಡ ಮುಖ ಹಸಿವನ್ನು ತಡೆಯದೆ ಒಡೆಯಿತು. "ಅಸ್ಕೊಂಡು ಓದ್ನಾ?" ಎನ್ನುತ್ತಾ ಹೊಟ್ಟೆ ಒತ್ತಿಹಿಡಿದುಕೊಂಡಳು, ಹಸಿವು ತನ್ನದೇ ಎಂಬಂತೆ. ಕುರ್ಚಿ ಹಿಂದಕ್ಕೂ ಮುಂದಕ್ಕೂ ತೂಗಿತು. ಎದುರು ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿ, "ಏನಾಯ್ತ್ರೀ?" ಎಂದು ಕೇಳಿದಳು. "ಏನಿಲ್ಲ, ಅವರಿಗೆ ಹಂಗೇ" ಎಂದಳು ಶಿವರಂಜನಿ, ಹಣೆಗೆ ಬೆರಳು ತಿರುಗಿಸಿ ತೋರಿಸುತ್ತಾ. ಅವಳು ಪಾಪ ಎಂದು ಲೊಚಗುಟ್ಟಿ ಒಳಗೆ ಹೋದಳು. ಆ ಪಾಪ ಯಾರಿಗೆ ಸಂದಿತೆಂದು ಶಿವರಂಜನಿಗೆ ಚೆನ್ನಾಗಿ ಗೊತ್ತಿತ್ತು. ಊರಿಗೂರೇ ಅವಳನ್ನು ತಾಳ್ಮೆಯ ಸೊಸೆ ಎನ್ನುತ್ತಿತ್ತು, ಆ ಹೊಗಳಿಕೆಯಲ್ಲಿ ಅವಳು ಬಾಡಿಗೆ ಮನೆಯಲ್ಲಿದ್ದ ಹಾಗೆ ಬದುಕುತ್ತಿದ್ದಳು.

ಮುದುಕಿ ಅತ್ತು ಸೋತು, ಕುರ್ಚಿಯಲ್ಲೇ ತೂಕಡಿಸಿ, ಎಚ್ಚರಾಗಿ ಮತ್ತೆ ಕೇಳಿದಾಗ ಶಿವರಂಜನಿ ಅದಕ್ಕಾಗಿ ಕಾದಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ, ಯಾವ ಮಾತಿನ ಹಿಂದೆ ಯಾವ ಮಾತಿಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. "ಸಾಯೋವಾಗ ನಿಮ್ಮನ್ನೇ ಕೇಳಿದ್ರಂತೆ. ಅಕ್ಕ ಬರ್ಲಿಲ್ವಾ, ಅಕ್ಕ ಬರ್ಲಿಲ್ವಾ ಅಂತ. ಹೊಟ್ಟೆಗೂ ಏನೂ ಇರ್ಲಿಲ್ವಂತೆ."

ಈ ಸಲ ಅಳು ಬರಲಿಲ್ಲ. ಮಲ್ಲಾಜಮ್ಮ ಬಲಗೈ ಎತ್ತಿ ತನ್ನ ಬಾಯಿಗೆ ಹೊಡೆದುಕೊಂಡಳು. ಒಮ್ಮೆ, ಇನ್ನೊಮ್ಮೆ, ಯಾರೋ ಮಗುವನ್ನು ಶಿಕ್ಷಿಸುವ ಹಾಗೆ, ಸಿಟ್ಟಿಲ್ಲದೆ, ಒಂದೇ ಸಮನೆ. ಅಳಿದುಳಿದ ಹಲ್ಲಿಗೆ ತುಟಿ ತಾಕಿ ರಕ್ತ ಬಂತು. ಶಿವರಂಜನಿ ಓಡಿಬಂದು ಆ ಕೈ ಹಿಡಿದಳು. ಕೈಯಲ್ಲಿ ಅಷ್ಟು ಬಲವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. "ಬೇಡಿ ಅತ್ತೆ, ಸುಳ್ಳು, ನಾ ಸುಳ್ಳೇಳ್ದೆ, ಉಂಡಿದ್ರು, ಇಡ್ಲಿ ತಿಂದಿದ್ರು" ಎಂದು ತಡವರಿಸಿದಳು. ಆದರೆ ಮುದುಕಿಯ ಕಿವಿಗೆ ಅದು ಹೋಗಲಿಲ್ಲ. ಗೇಟಿನ ಹೊರಗೆ ನಂಜೇಶನ ಕಾರು ನಿಂತಿತು. ಶಿವರಂಜನಿ ಸೆರಗಿನಿಂದ ಅತ್ತೆಯ ತುಟಿ ಒರೆಸಿದಳು. "ಏನಿದು?" ಎಂದ ಅವನು. "ಕುರ್ಚಿಯಿಂದ ಏಳೋವಾಗ ಕಂಬಿ ತಾಕ್ತು" ಎಂದಳು.

ಮೂವರೂ ಹೊರಟ ಕಾರು ಸುತ್ತೂರು ದಾಟಿತು. ಮುಂದಿನ ಸೀಟಿನಲ್ಲಿ ಮಲ್ಲಾಜಮ್ಮ ಮಗನ ಪಕ್ಕ ಕೂತಿದ್ದಳು. ಗದ್ದೆಯ ಹಸಿರು, ಕಬ್ಬಿನ ಲಾರಿ, ಎಲ್ಲವನ್ನೂ ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು. ನರಸೀಪುರದ ಕಾಲೇಜು ಹತ್ತಿರ ಬಂದಾಗ ಶಿವರಂಜನಿ ಎಂದಿನಂತೆ ಮುಖ ಆಚೆ ತಿರುಗಿಸಿದಳು. ನಂಜೇಶ ಒಂದು ಮರದ ನೆರಳಿಗೆ ಕಾರು ನಿಲ್ಲಿಸಿ, ತಾಯಿಯ ಕೈ ಹಿಡಿದು, "ಅವ್ವ, ಪುಟ್ಬಸ ಮಾವ ಲಿಂಗೈಕ್ಯ ಆಗ್ಬುಟ್ಟವ್ನೆ ಕಣವ್ವ. ನೋವೇನೂ ಆಗ್ಲಿಲ್ವಂತೆ" ಎಂದ. ದನಿ ಎಷ್ಟು ಮೆತ್ತಗಿತ್ತೆಂದರೆ ಹಿಂದೆ ಕೂತ ಶಿವರಂಜನಿಗೆ ಆ ಗಂಡಸು ತನ್ನೊಡನೆ ಎಂದೂ ಆ ದನಿಯಲ್ಲಿ ಮಾತಾಡಿಲ್ಲ ಎನಿಸಿತು. ಮಲ್ಲಾಜಮ್ಮ ತಲೆಯಾಡಿಸಿದಳು. ಅವಳು ಅಳಲಿಲ್ಲ; ತುಟಿಯ ನೋವಿಗೆ ಅಂಟಿಕೊಂಡು ಆ ಮಾತು ಇನ್ನೂ ಉಳಿದಿತ್ತೋ ಏನೋ. "ಗೊತ್ತು" ಎಂದಳು. ನಂಜೇಶ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಅವಳು ಫೋನಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

ಮೂಗೂರಿನ ಮನೆಯ ಪಡಸಾಲೆಯಲ್ಲಿ ಪುಟ್ಟಬಸವಯ್ಯನನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ, ಕೊರಳ ತುಂಬ ಹಾರ, ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ. ಒಂದು ಕಡೆ ಭಜನೆಯವರು, ಇನ್ನೊಂದು ಕಡೆ ಹೆಂಗಸರು. ಹೆಂಡತಿ ಗುರುಸಿದ್ದಮ್ಮ ಗಂಡನ ಕಾಲ ಬಳಿ ಕೂತಿದ್ದಳು. ಮಲ್ಲಾಜಮ್ಮನನ್ನು ಕಂಡು ಜನ ದಾರಿ ಬಿಟ್ಟರು. ಅವಳು ತಮ್ಮನ ಪಕ್ಕ ಕೂತು, ಕೆನ್ನೆ ಮುಟ್ಟಿ, ಎದೆ ಮುಟ್ಟಿ, ಕೈಯನ್ನು ಅವನ ಹೊಟ್ಟೆಯ ಮೇಲೆ ಇಟ್ಟಳು. ಇಟ್ಟವಳು ತಿರುಗಿ ಗುರುಸಿದ್ದಮ್ಮನನ್ನು ನೋಡಿದಳು. ಭಜನೆ ಒಂದು ಪದ ಮುಗಿದು ಇನ್ನೊಂದು ಹಿಡಿಯುವ ನಡುವಿನ ಮೌನದಲ್ಲಿ ಅವಳ ದನಿ ಪಡಸಾಲೆಗೆಲ್ಲ ಕೇಳಿತು.

"ನನ್ ತಮ್ಮಂಗೆ ಯಾಕವ್ವ ಉಣ್ಣಕ್ಕೆ ಇಕ್ಲಿಲ್ಲ ನೀನು?"

ಗುರುಸಿದ್ದಮ್ಮ ಅರ್ಥವಾಗದೆ ನೋಡಿದಳು.

"ಅಸ್ಕೊಂಡು ಓದ್ನಂತಲ್ಲ. ನನ್ನ ಕೇಳ್ಕೊಂಡು, ಬರೀ ಒಟ್ಟೇಲಿ ಓದ್ನಂತಲ್ಲ."

"ಇಲ್ಲ ಕಣಕ್ಕ" ಎಂದಳು ಗುರುಸಿದ್ದಮ್ಮ. ಅಳು ನಿಂತುಹೋಗಿತ್ತು. "ಇಡ್ಲಿ ಇಕ್ಕಿದ್ದೆ. ನನ್ ಕೈಯಾರೆ ಇಕ್ಕಿದ್ದೆ. ತಿಂದು ಎದ್ರು. ಯಾರೇಳುದ್ರು ನಿಂಗೆ?" ಯಾರೂ ಕೇಳದಿದ್ದರೂ ಅವಳು ಸುತ್ತಲಿದ್ದವರ ಕಡೆ ತಿರುಗಿ, ತಿಂದ ತಟ್ಟೆ ಇನ್ನೂ ತೊಳೆದಿಲ್ಲ, ಬೇಕಾದರೆ ನೋಡಿ ಎಂದಳು. ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಡ ಸತ್ತು ಇನ್ನೂ ಒಂದು ಹೊತ್ತಾಗದವಳು ತಾನು ಅವನಿಗೆ ಊಟ ಹಾಕಿದ್ದಕ್ಕೆ ಸಾಕ್ಷಿ ಹುಡುಕುತ್ತಿದ್ದಳು.

"ಇವ್ಳೇ, ನನ್ ಸೊಸೆ ಏಳುದ್ಲು" ಎಂದಳು ಮಲ್ಲಾಜಮ್ಮ.

ಎಲ್ಲರೂ ಶಿವರಂಜನಿಯನ್ನು ನೋಡಿದರು. ಅತ್ತೆಯ ತುಟಿಯ ಮೇಲೆ ರಕ್ತ ಕಪ್ಪಾಗಿ ಒಣಗಿದ್ದು ಅವಳಿಗೆ ಕಂಡಿತು. ಹೌದು, ನಾನೇ ಹೇಳಿದೆ ಎನ್ನಲು ಬೇಕಾದ ಉಸಿರು ಎದೆಯೊಳಗೆ ಬಂದೂ ಇತ್ತು. ಅಷ್ಟರಲ್ಲಿ ಅವಳ ಮುಖ ತಾನಾಗಿಯೇ, ವರ್ಷಗಳ ಅಭ್ಯಾಸದಿಂದ, ತಾಳ್ಮೆಯ ಮುಖವಾಯಿತು. "ಅವರಿಗೆ ಮರೆವು" ಎಂದಳು ಮೆಲ್ಲಗೆ. "ಏನೇನೋ ಕಲ್ಪಿಸ್ಕೊಂಡು ಹೇಳ್ತಾರೆ. ಬೇಜಾರು ಮಾಡ್ಕೋಬೇಡಿ."

ಪಡಸಾಲೆ ಉಸಿರು ಬಿಟ್ಟಿತು. ಹೌದಲ್ಲ, ಪಾಪ, ಎಂದರು. ಗುರುಸಿದ್ದಮ್ಮನೇ ಕೈ ಚಾಚಿ ಶಿವರಂಜನಿಯ ಮಂಡಿ ಮುಟ್ಟಿ, "ಬಿಡವ್ವ, ನೀನಾಗಿರೊತ್ಗೆ ನೋಡ್ಕತಿದ್ದೀಯ" ಎಂದು ಹೊಸದಾಗಿ ಅಳಲು ಶುರುಮಾಡಿದಳು. ಮಲ್ಲಾಜಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ನಾನು ಸುಳ್ಳೇಳ್ತೀನಾ ಎಂದು ಯಾರನ್ನೋ ಕೇಳಿದಳು. ಅದಕ್ಕೆ ಯಾರೋ ನೀರು ತಂದುಕೊಟ್ಟರು. ಅವಳು ಲೋಟ ಹಿಡಿದು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಚಿಕ್ಕದಾಗಿ, ತಮ್ಮನ ಹೊಟ್ಟೆಯ ಮೇಲಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲ ಬಳಿ ಗಂಡಸರ ಜೊತೆ ನಿಂತಿದ್ದ ನಂಜೇಶ ಇದನ್ನೆಲ್ಲ ನೋಡಿದ. ಹೆಂಡತಿಯನ್ನು ನೋಡಲಿಲ್ಲ. ಒಳಗೆ ಬಂದು ತಾಯಿಯ ತುಟಿಯ ಮೇಲಿನ ಗಾಯವನ್ನು ಹೆಬ್ಬೆರಳಿಂದ ಮುಟ್ಟಿ, ಏನನ್ನೋ ಅಳೆದವನಂತೆ ಸ್ವಲ್ಪ ಹೊತ್ತು ನಿಂತು, ಹೊರಗೆ ಹೋದ.

ಮಣ್ಣು ಮುಗಿಸಿ, ಮಿಂದು, ಹೊರಟಾಗ ಬೆಳಕು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಶಿವರಂಜನಿ ಅವನು ಕೇಳುವುದನ್ನೇ ಕಾದಳು. ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡಳು. ಬಯ್ಯಲಿ, ಕಾರು ನಿಲ್ಲಿಸಿ ಇಳಿ ಎನ್ನಲಿ. ಹೇಗೆ ಶುರುಮಾಡುವುದೆಂದು ವಾಕ್ಯ ಜೋಡಿಸಿದಳು, ಮೆತ್ತಗಿನ ಮಾತುಗಳನ್ನೆಲ್ಲ ತೆಗೆದುಹಾಕಿದಳು. ಅವನು ಕೇಳಲಿಲ್ಲ. ನರಸೀಪುರದಲ್ಲಿ ನಿಲ್ಲಿಸಿ ತಾಯಿಗೆ ಬಿಸಿ ಹಾಲು ಕುಡಿಸಿದ. ಹೆಂಡತಿಗೆ ಏನು ಬೇಕೆಂದು ಕೇಳಲಿಲ್ಲ. ಹಾಲು ಕುಡಿದ ಮೇಲೆ ಮಲ್ಲಾಜಮ್ಮನ ಮುಖ ತಿಳಿಯಾಯಿತು. ಸೀಟಿಗೆ ಒರಗಿ, ಸೆರಗು ಸರಿಮಾಡಿಕೊಂಡು, ಯಾವುದೋ ನೆಂಟರ ಮನೆಗೆ ಹೋಗಿಬಂದವಳ ಆಯಾಸದಲ್ಲಿ ಮಗನ ಕಡೆ ತಿರುಗಿದಳು.

"ನಂಜೇಸ, ಪುಟ್ಬಸ ಯಾವಾಗ ಬತ್ತಾನೆ ಕಣ್ಲಾ?"

ನಂಜೇಶ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಕೇಳ್ಬೇಡವ್ವ" ಎಂದ. "ಅವ್ಳನ್ನ ಕೇಳು. ಅವ್ಳು ಚೆನ್ನಾಗೇಳ್ತಾಳೆ."

ಮಲ್ಲಾಜಮ್ಮ ಸೀಟಿನ ಅಂಚು ಹಿಡಿದು, ಕಷ್ಟಪಟ್ಟು ಹಿಂದಕ್ಕೆ ತಿರುಗಿ, ಸೊಸೆಯ ಬಾಯನ್ನೇ ನೋಡತೊಡಗಿದಳು.